ಬೇಸಿಗೆ ಲಾಗರ್ ಹುಡುಕಿ ಹೊರಟು ಹಳೇ ಸರಕು ಹೊತ್ತು ತಂದೆ

ಒಟ್ಟು ಹನ್ನೊಂದು ಬಗೆ ಬಿಯರ್ ಕೂಡಿಸಿದ್ದೆ. ಒಂದು ಫ್ರೀಜರಿನಲ್ಲೇ ಒಡೆಯಿತು. ಎರಡು ಲಾಗರೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಆರನ್ನು ಸಿಂಕಿಗೆ ಸುರಿದೆ. ಉಳಿದದ್ದು ಎರಡೇ ಎರಡು. ಇಷ್ಟಕ್ಕೆ ಎರಡು ತಿಂಗಳು ಅಲೆದಾಟ.

ಬರೀ ದುಡ್ಡು ಹೋಗಿದ್ದರೆ ಇದನ್ನೆಲ್ಲ ಬರೆಯುತ್ತಿರಲಿಲ್ಲ. ಸುರಿದ ಆ ಆರು ಬಿಯರುಗಳ ಬಗ್ಗೆ ಸಿಕ್ಕಸಿಕ್ಕವರ ಹತ್ತಿರ ಕೆಟ್ಟದಾಗಿ ಹೇಳಿಕೊಂಡು ಓಡಾಡಿದ್ದೆ. 'ಅದನ್ನ ಮುಟ್ಟಲೇಬೇಡಿ' ಅಂತ ದೊಡ್ಡ ಪಂಡಿತನ ಹಾಗೆ ಹೇಳಿದ್ದೆ. ಆರರಲ್ಲಿ ಒಂದರ ಬಗ್ಗೆಯೂ ನನಗೆ ಏನೂ ಗೊತ್ತಿರಲಿಲ್ಲ ಅನ್ನುವುದು ಈಗ ಅರ್ಥವಾಗಿದೆ.

ಬೇಸಿಗೆ ಲಾಗರ್ ಗೊತ್ತಲ್ವಾ? ಕೆಲವು ಬ್ರೂವರಿಗಳು ವರ್ಷಕ್ಕೊಂದು ಸಲ, ಬಿಸಿಲುಗಾಲಕ್ಕೆ ಅಂತಲೇ ಮಾಡುವ ತಿಳಿ ಬಣ್ಣದ ಹಗುರ ಬಿಯರ್. ಸ್ವಲ್ಪ ದಿನ ಸಿಗುತ್ತದೆ, ಆಮೇಲೆ ಮಾಯ. ಈ 'ಮಾಯ' ಅನ್ನುವುದೇ ನಮ್ಮಂಥವರನ್ನು ಹಿಡಿಯುವ ಗಾಳ. ಸಿಗುವುದಿಲ್ಲ ಅಂದರೆ ಬೇಕೇ ಬೇಕು ಅನಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ಹೋಲಿಸಿ ನೋಡಬೇಕು, ಯಾವುದು ಮೊದಲು ಯಾವುದು ಕೊನೆ ಅಂತ ಪಟ್ಟಿ ಮಾಡಬೇಕು ಅಂತ ಒಂದು ನೋಟ್‌ಬುಕ್ ಕೂಡ ತಂದಿಟ್ಟುಕೊಂಡೆ.

ಹತ್ತು ಬಗೆ ಬಿಡಿಬಿಡಿಯಾಗಿ ಸಿಕ್ಕವು. ಹನ್ನೊಂದನೆಯದು ನಾನು ತುಂಬಾ ದಿನದಿಂದ ಹುಡುಕುತ್ತಿದ್ದದ್ದು. ಕುಡಿದವರೆಲ್ಲ ಹೊಗಳುವಂಥದ್ದು. ಒಂದು ಅಂಗಡಿಯ ಮೂಲೆಯಲ್ಲಿ ಅದರ ಇಡೀ ಕಾರ್ಟನ್ನೇ ಕಂಡಿತು. ಇಪ್ಪತ್ನಾಲ್ಕು ಕ್ಯಾನ್. ಮೇಲೆ ಕೆಂಪು ಬಣ್ಣದ ರಿಯಾಯಿತಿ ಚೀಟಿ. ನನಗೋ ನಿಧಿ ಸಿಕ್ಕ ಹಾಗಾಯಿತು. ಬಾಯಿ ಮಾತಿಗೆ ಒಂದು ಪ್ರಶ್ನೆ ಕೇಳಿದೆ:

'ಹಳೇದಲ್ಲ ತಾನೇ?'

'ಬಿಯರ್ ಎಲ್ಲಾದ್ರೂ ಕೆಡುತ್ತಾ ಸಾರ್? ಆಲ್ಕೋಹಾಲ್ ಅಲ್ವಾ?'

ಈ ಮಾತು ನೆನಪಿಟ್ಟುಕೊಳ್ಳಿ. ಇದನ್ನು ಯಾರಾದರೂ ಹೇಳಿದರೆ ಬಾಟಲಿ ಅಲ್ಲೇ ಇಟ್ಟು ಬನ್ನಿ.

ಹೋಲಿಕೆ ನೋಡುವ ಸಂಜೆ ನಾನು, ಒಬ್ಬ ಗೆಳೆಯ, ನಮ್ಮಕ್ಕ, ಮೂರೇ ಜನ. ಅಕ್ಕನಿಗೆ ಬಿಯರ್ ಬಗ್ಗೆ ಏನೂ ಗೊತ್ತಿಲ್ಲ, ಆದರೆ ಮೂಗು ಬಲು ಚುರುಕು. ಅವಳಿಂದಲೇ ಮರ್ಯಾದೆ ಉಳಿಯಿತು, ಅಥವಾ ಹೋಯಿತು, ಹೇಗಾದರೂ ಅನ್ನಿ.

ಮೊದಲು ಸುರಿದದ್ದು ಹಸಿರು ಬಾಟಲಿಯದ್ದು. ಮುಚ್ಚಳ ತೆಗೆದ ಕೂಡಲೇ ಸುಟ್ಟ ರಬ್ಬರಿನ ಹತ್ತಿರ ಹತ್ತಿರದ ಒಂದು ನಾತ. ಎರಡನೆಯದೂ ಹಸಿರು ಬಾಟಲಿ, ಅದೇ ನಾತ. ಮೂರನೆಯದು ಬಣ್ಣವಿಲ್ಲದ ಬಿಳಿ ಗಾಜಿನದು, ಅದು ಇನ್ನೂ ಜೋರು. 'ಹಾಪ್ಸ್ ಜಾಸ್ತಿ ಹಾಕಿರಬೇಕು' ಅಂತ ಗೆಳೆಯ. (ಹಾಪ್ಸ್ ಅಂದರೆ ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು.) ನಾನು ಗಂಭೀರವಾಗಿ ತಲೆಯಾಡಿಸಿ ಅದನ್ನೇ ಬರೆದುಕೊಂಡೆ.

ಆಮೇಲೆ ನನ್ನ ನಿಧಿ ಬಂತು. ಗ್ಲಾಸಿನಲ್ಲಿ ನೋಡಲು ಚೆನ್ನಾಗಿಯೇ ಇತ್ತು. ಬಣ್ಣ ಅಂದುಕೊಂಡದ್ದಕ್ಕಿಂತ ಕೊಂಚ ಗಾಢ, ಅಷ್ಟೇ. ಅಕ್ಕ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು.

'ಏನೋ ಇದು? ಮಳೇಲಿ ನೆಂದ ರಟ್ಟಿನ ಡಬ್ಬ ನೆಕ್ಕಿದ ಹಾಗಿದೆ ಕಣೋ.'

ನನಗೆ ಸಿಟ್ಟು ಬಂತು. ಕುಡಿದು ನೋಡಿದರೆ ಅವಳು ಹೇಳಿದ್ದೇ ಸರಿ. ಒದ್ದೆ ರಟ್ಟು, ಜೊತೆಗೆ ಒಂದು ಥರದ ಮಂಕಾದ ಸಿಹಿ. ಇನ್ನೂ ಎರಡು ಬಿಯರುಗಳಲ್ಲಿ ಇದೇ ರುಚಿ, ಕೊಂಚ ಹೆಚ್ಚು ಕಡಿಮೆ. ಆರಕ್ಕೂ ಸೊನ್ನೆ ಹಾಕಿ ಸಿಂಕಿಗೆ ಸುರಿದು ಮಲಗಿದೆ. ಮರುದಿನದಿಂದ ಪ್ರಚಾರ ಶುರು.

ಗುಟ್ಟು ರಟ್ಟಾದದ್ದು ಮುಂದಿನ ಬೇಸಿಗೆಗೆ. (ರಟ್ಟು ಅನ್ನುವ ಪದ ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ.) ಗೆಳೆಯ ಅದೇ ಬ್ರೂವರಿಯ ಅದೇ ಲಾಗರನ್ನು ನೇರವಾಗಿ ಬ್ರೂವರಿಯಿಂದಲೇ ತಂದ. ತುಂಬಿಸಿ ಎರಡು ವಾರ ಆಗಿತ್ತಷ್ಟೇ. ಯಾವುದು ಅಂತ ಹೇಳದೆ ಗ್ಲಾಸಿಗೆ ಹಾಕಿ ಕೊಟ್ಟ. ಹೊಸ ಬ್ರೆಡ್ಡಿನಂಥ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ವಾಸನೆ, ಹೂವಿನ ಹಾಗೆ ಹಾಪ್ಸ್, ಕೊನೆಗೆ ನಾಲಿಗೆ ಒಣಗಿಸುವ ಹಿತವಾದ ಕಹಿ. 'ಇದು ಯಾವುದಪ್ಪಾ, ಇಷ್ಟು ಚೆನ್ನಾಗಿದೆ?' ಅಂದೆ. ಅವನು ಕ್ಯಾನ್ ತೋರಿಸಿದ. ನಾನು ವರ್ಷವಿಡೀ ಬೈದುಕೊಂಡು ತಿರುಗಿದ ಅದೇ ಕ್ಯಾನ್.

ಮಂಚದ ಕೆಳಗೆ ಉಳಿದಿದ್ದ ಹಳೇ ಕಾರ್ಟನ್ ಎಳೆದು ತಂದೆ. ಕೆಂಪು ರಿಯಾಯಿತಿ ಚೀಟಿಯನ್ನು ಉಗುರಿನಿಂದ ಕೆರೆದೆ. ಬೆಸ್ಟ್ ಬಿಫೋರ್ ದಿನಾಂಕ ಅದರ ಅಡಿಯಲ್ಲೇ ಇತ್ತು. ಬೇಕಂತಲೇ ಅಂಟಿಸಿದ್ದರೋ, ಕೈಗೆ ಸಿಕ್ಕಿದ ಕಡೆ ಅಂಟಿಸಿದ್ದರೋ, ದೇವರಿಗೇ ಗೊತ್ತು. ಕ್ಯಾನಿನ ತಳದಲ್ಲಿ ಒಂದಷ್ಟು ಅಂಕಿಗಳಿದ್ದವು. ಮೊದಲೆರಡು ಅಂಕಿ ವರ್ಷವನ್ನು ಹೇಳುತ್ತವೆ, ಮುಂದಿನ ಮೂರು 096. ಇದು ದಿನದ ಲೆಕ್ಕ. ವರ್ಷದ 96ನೇ ದಿನ ಅಂದರೆ ಏಪ್ರಿಲ್ ಮೊದಲ ವಾರ. ಆದರೆ ಆ ಏಪ್ರಿಲ್ ನಾನು ಕೊಂಡ ವರ್ಷದ್ದಲ್ಲ, ಅದರ ಹಿಂದಿನ ವರ್ಷದ್ದು. ನಾನು ಕುಡಿದಾಗ ಅದಕ್ಕೆ ಹದಿನಾರು ತಿಂಗಳು ತುಂಬಿತ್ತು. ನಾನು ಹುಡುಕಿ ತಂದ 'ಈ ಬೇಸಿಗೆಯ ಲಾಗರ್' ಹೋದ ಬೇಸಿಗೆಯದು.

ಆಲ್ಕೋಹಾಲ್ ಇದ್ದರೆ ಕೆಡುವುದಿಲ್ಲ ಅನ್ನುವುದು ಅರ್ಧ ನಿಜ. ಶೇ. 5ರಷ್ಟು ಆಲ್ಕೋಹಾಲ್, ಹಾಪ್ಸ್, ಹುಳಿ, ಗ್ಯಾಸ್ ಎಲ್ಲ ಸೇರಿ ಕಾಯಿಲೆ ತರುವ ಕ್ರಿಮಿಗಳನ್ನು ಬೆಳೆಯಲು ಬಿಡುವುದಿಲ್ಲ. ಹಳೇ ಬಿಯರ್ ಕುಡಿದರೆ ಸಾಮಾನ್ಯವಾಗಿ ಹೊಟ್ಟೆ ಕೆಡುವುದಿಲ್ಲ, ಆದರೆ ರುಚಿ ಸತ್ತೇ ಹೋಗಿರುತ್ತದೆ. ತುಂಬಿಸುವಾಗ ಒಳಗೆ ಉಳಿದ ಒಂಚೂರು ಆಮ್ಲಜನಕ ಸಾಕು, ನಿಧಾನಕ್ಕೆ ಕೆಲಸ ಮಾಡುತ್ತಲೇ ಇರುತ್ತದೆ. ಆ ರಟ್ಟಿನ ರುಚಿಗೆ ಟ್ರಾನ್ಸ್-2-ನೊನೆನಾಲ್ ಅನ್ನುವ ವಸ್ತು ಮುಖ್ಯ ಕಾರಣ ಅಂತ ಬ್ರೂವರಿಯವರು ಗುರುತಿಸಿದ್ದಾರೆ. ಹಾಪ್ಸ್ ವಾಸನೆಯಂತೂ ಅದಕ್ಕೂ ಮೊದಲೇ ಮಾಯವಾಗಿರುತ್ತದೆ.

ಬಿಸಿ ತಗುಲಿದರೆ ಇದೆಲ್ಲ ಓಡಲು ಶುರು. ಬ್ರೂವರಿಗಳಲ್ಲಿ 3-30-300 ಅಂತ ಒಂದು ಅಂದಾಜು ಲೆಕ್ಕ ಇದೆ. 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಮೂರರಲ್ಲೂ ಬಿಯರ್ ಸುಮಾರಾಗಿ ಒಂದೇ ಅಷ್ಟು ಮುಪ್ಪಾಗುತ್ತದೆ. ಅಂದರೆ ದಿನಾಂಕ ಹೊಸದಾಗಿದ್ದರೂ ಗೋದಾಮಿನಲ್ಲಿ ಬೆಂದಿದ್ದರೆ ಮುಗೀತು. ಕಪ್ಪು, ಗಟ್ಟಿ ಬಿಯರುಗಳಲ್ಲಿ ಈ ಮುಪ್ಪು ಅಡಗಿಕೊಳ್ಳುತ್ತದೆ. ಕೆಲವಕ್ಕೆ ಅದು ಚೆಂದವೂ ಹೌದು. ತಿಳಿ ಲಾಗರಿನಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ನೀರಿನಂಥ ತಿಳಿ ರುಚಿಯೇ ಅದರ ಬಂಡವಾಳ, ಎಲ್ಲ ತಪ್ಪೂ ಎದ್ದು ಕಾಣುತ್ತದೆ.

ಇನ್ನು ಆ ನಾತದ ಮೂರು ಬಾಟಲಿ. ಅವು ಹಳೆಯವೇ ಅಲ್ಲ! ದಿನಾಂಕ ಸರಿಯಾಗಿಯೇ ಇತ್ತು. ಅಂಗಡಿಯ ಕಿಟಕಿ ಪಕ್ಕ, ಬೆಳಕಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ನೋಡಲು ಚೆಂದ ಅಂತ ನಾನೇ ಅಲ್ಲಿಂದ ಎತ್ತಿಕೊಂಡಿದ್ದೆ. ಹಾಪ್ಸಿನಿಂದ ಬರುವ ಕಹಿಯ ಅಂಶ ಬೆಳಕಿನಲ್ಲಿ ಒಡೆಯುತ್ತದೆ. ಬಿಯರಿನಲ್ಲೇ ಇರುವ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ಬೆಳಕನ್ನು ಹೀರಿ ಈ ಕೆಲಸಕ್ಕೆ ಕೈಜೋಡಿಸುತ್ತದೆ. ಒಡೆದ ಚೂರು ಗಂಧಕದ ಜೊತೆ ಸೇರಿ ಹುಟ್ಟುವ ವಸ್ತುವಿಗೂ ಸ್ಕಂಕ್ ಅನ್ನುವ ಪ್ರಾಣಿ ಹೆದರಿದಾಗ ಚಿಮ್ಮಿಸುವ ದ್ರವಕ್ಕೂ ಹತ್ತಿರದ ನಂಟು. ಅದಕ್ಕೇ ಇಂಥ ಬಿಯರನ್ನು 'ಸ್ಕಂಕಿ' ಅನ್ನುತ್ತಾರೆ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮನುಷ್ಯನ ಮೂಗು ಹಿಡಿಯುತ್ತದೆ. ಬಿಳಿ ಗಾಜಿನ ಬಾಟಲಿ ನೇರ ಬಿಸಿಲಿನಲ್ಲಿದ್ದರೆ ಕೆಲವು ನಿಮಿಷಗಳೇ ಸಾಕು. ಹಸಿರು ಗಾಜು ಕಾಪಾಡುತ್ತದೆ ಅಂದುಕೊಂಡಿದ್ದೆ. ಅದು ಬಹುಮಟ್ಟಿಗೆ ಬರೀ ಅಲಂಕಾರ. ಕಂದು ಗಾಜು ಎಷ್ಟೋ ವಾಸಿ, ಕ್ಯಾನ್ ಆದರೆ ಬೆಳಕಿನ ಚಿಂತೆಯೇ ಇಲ್ಲ.

ತಣ್ಣಗಿದ್ದ ಬಿಯರ್ ಒಂದು ಸಲ ಬೆಚ್ಚಗಾಗಿ ಮತ್ತೆ ತಣ್ಣಗಾದರೆ ಈ ನಾತ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಇಲ್ಲ. ಅದು ಬರೀ ಬೆಳಕಿನ ಕಿತಾಪತಿ. ಬೆಚ್ಚಗಾದರೆ ಆಗುವುದು ಮುಪ್ಪು, ಅದು ಬೇರೆ ವಿಷಯ.

ಹಳೇ ಕಾಲದವರ ಕಥೆ ಓದಿದರೆ ಇನ್ನೂ ನಾಚಿಕೆಯಾಗುತ್ತದೆ. ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ಒಂದು ಕಟ್ಟಳೆ ಬಂತು: ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡುವಂತಿಲ್ಲ. ಬಿಸಿಲಿನಲ್ಲಿ ಮಾಡಿದ್ದು ಕೆಡುತ್ತಿತ್ತು. ಹಾಗಾಗಿ ಬೇಸಿಗೆಗೆ ಬೇಕಾದದ್ದನ್ನು ಮಾರ್ಚ್ ಹೊತ್ತಿಗೇ ಮಾಡಿ ನೆಲಮಾಳಿಗೆಯಲ್ಲಿ ಇಡುತ್ತಿದ್ದರು. ಮೇರ್ಟ್ಸನ್ ಅನ್ನುವ ಬಿಯರಿನ ಹೆಸರು ಆ ಮಾರ್ಚ್‌ನಿಂದಲೇ ಬಂದದ್ದು. ಮಾಳಿಗೆ ತಂಪಾಗಿರಲಿ ಅಂತ ಮೇಲೆ ಚೆಸ್ಟ್‌ನಟ್ ಮರ ನೆಟ್ಟರು, ಒಳಗೆ ಐಸ್ ತುಂಬಿದರು. ಲಾಗರ್ ಅನ್ನುವ ಪದಕ್ಕೇ ಜರ್ಮನ್ ಭಾಷೆಯಲ್ಲಿ 'ಕೂಡಿಡುವುದು' ಅನ್ನುವ ಅರ್ಥ. ಬಿಯರ್ ಕಾಪಾಡಲು ಅವರು ನೆಲ ಅಗೆದರು. ನಾವು ಪಕ್ಕದಲ್ಲೇ ಫ್ರಿಡ್ಜ್ ಇದ್ದರೂ ಬಿಯರನ್ನು ಕಿಟಕಿಯಲ್ಲಿ ನಿಲ್ಲಿಸುತ್ತೇವೆ.

ಲಾಗರೇ ಅಲ್ಲದ ಆ ಎರಡರ ವಿಷಯದಲ್ಲಿ ಪೂರ್ತಿ ತಪ್ಪು ನನ್ನದೇ. 'ಬೇಸಿಗೆ' ಅನ್ನುವುದು ಬಿಯರಿನ ಜಾತಿಯ ಹೆಸರಲ್ಲ. ಲೇಬಲ್ ಮೇಲೆ ಸೂರ್ಯನ ಚಿತ್ರ ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಅದರೊಳಗೆ ಹೆಲ್ಲೆಸ್ ಇರಬಹುದು, ಪಿಲ್ಸ್ನರ್ ಇರಬಹುದು (ಎರಡೂ ತಿಳಿ ಲಾಗರುಗಳೇ), ಗೋಧಿ ಬಿಯರೂ ಇರಬಹುದು. ನನ್ನ ಎರಡರಲ್ಲಿ ಒಂದು ಕೊಲ್ಷ್ ಥರದ್ದು. ಏಲ್ ಅನ್ನುವ ಇನ್ನೊಂದು ಜಾತಿ ಬಿಯರಿನ ಯೀಸ್ಟಿನಿಂದ ಮಾಡಿ ಆಮೇಲೆ ತಣ್ಣಗೆ ಇಡುವಂಥದ್ದು, ನೋಡಲು ಥೇಟ್ ಲಾಗರ್. ಇನ್ನೊಂದು ರಾಡ್ಲರ್, ಅಂದರೆ ಬಿಯರಿಗೆ ನಿಂಬೆ ಸೋಡಾ ಬೆರೆಸಿದ್ದು. 'ತುಂಬಾ ಸಿಹಿ, ಕಹಿಯೇ ಇಲ್ಲ' ಅಂತ ಅದಕ್ಕೆ ಅಂಕ ಕಡಿದಿದ್ದೆ!

ನಿಜವಾದ ಲಾಗರುಗಳಲ್ಲೂ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಹೆಲ್ಲೆಸ್ 1894ರಲ್ಲಿ ಮ್ಯೂನಿಕ್‌ನ ಸ್ಪಾಟೆನ್ ಬ್ರೂವರಿ ಹೊರತಂದದ್ದು. ಮಾಲ್ಟ್ ಮುಂದೆ, ಕಹಿ ಹಿಂದೆ. ಕಹಿಯನ್ನು ಅಳೆಯುವ ಐಬಿಯು ಲೆಕ್ಕದಲ್ಲಿ 16ರಿಂದ 22. ಜರ್ಮನ್ ಪಿಲ್ಸ್, ಅಂದರೆ ಪಿಲ್ಸ್ನರ್, ಆದರೆ 22ರಿಂದ 40. ಎರಡನ್ನೂ ಅಕ್ಕಪಕ್ಕ ಇಟ್ಟು ಪಿಲ್ಸ್ ಕುಡಿದ ಮೇಲೆ ಹೆಲ್ಲೆಸ್ ಕುಡಿದರೆ, ಪಾಪ, ಹೆಲ್ಲೆಸ್ ಸಪ್ಪೆ ಅನಿಸದೆ ಇನ್ನೇನಾಗುತ್ತದೆ? ನಾನು ಅದನ್ನೂ ಮಾಡಿದ್ದೆ.

ಫ್ರೀಜರಿನ ಕಥೆ ಚಿಕ್ಕದು. ಬೇಗ ತಣ್ಣಗಾಗಲಿ ಅಂತ ಇಟ್ಟೆ, ಮರೆತೆ. ಬಿಯರ್ ಸುಮಾರು ಮೈನಸ್ 2 ಡಿಗ್ರಿಯಿಂದ ಗಟ್ಟಿಯಾಗಲು ಶುರುವಾಗುತ್ತದೆ, ನೀರು ಐಸ್ ಆದಾಗ ಶೇ. 9ರಷ್ಟು ಉಬ್ಬುತ್ತದೆ. ಬೆಳಗಿನ ಜಾವ ಗಾಜಿನ ಚೂರು ಆರಿಸುತ್ತಾ ಕೂತಿದ್ದೆ. ಐಸ್ ಮತ್ತು ನೀರು ಬೆರೆಸಿದ ಬಕೆಟ್ಟಿನಲ್ಲಿ ಇಟ್ಟರೆ ಹದಿನೈದಿಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಹೋಲಿಸಿ ನೋಡುವುದಾದರೆ ತೀರಾ ತಣ್ಣಗೂ ಬೇಡ. ನಾಲಿಗೆ ಮರಗಟ್ಟಿದರೆ ಒಳ್ಳೆಯದೂ ಕೆಟ್ಟದ್ದೂ ಒಂದೇ. 5ರಿಂದ 7 ಡಿಗ್ರಿ ಸಾಕು.

ಈಗ ನಾನು ಅಂಗಡಿಗೆ ಹೋದರೆ ಲೇಬಲ್ ಓದುವುದು ಕೊನೆಗೆ. ಮೊದಲು ಕ್ಯಾನ್ ಬೋರಲು ಹಾಕಿ ತಳ ನೋಡುತ್ತೇನೆ. ತುಂಬಿಸಿದ ದಿನ ಇದ್ದರೆ ತುಂಬಾ ಒಳ್ಳೆಯದು. ಬರೀ ಬೆಸ್ಟ್ ಬಿಫೋರ್ ಇದ್ದರೆ ಅದು ಅರ್ಧ ಸುದ್ದಿ ಮಾತ್ರ. ಒಂದು ಬ್ರೂವರಿ ಆರು ತಿಂಗಳು ಕೊಟ್ಟರೆ ಇನ್ನೊಂದು ಇಡೀ ವರ್ಷ ಕೊಡುತ್ತದೆ. ಚೀಟಿ ಏನನ್ನಾದರೂ ಮುಚ್ಚಿದೆ ಅನಿಸಿದರೆ ಅಲ್ಲೇ ಕೆರೆಯುತ್ತೇನೆ, ಅವರು ಗುರಾಯಿಸಿದರೂ ಸರಿ. ಫ್ರಿಡ್ಜಿನ ಒಳಗಿಂದಲೇ ಕೊಡಿ ಅನ್ನುತ್ತೇನೆ. ಬೇಸಿಗೆ ಮುಗಿಯುವ ಹೊತ್ತಿನ ಆಫರುಗಳ ಹತ್ತಿರ ಸುಳಿಯುವುದಿಲ್ಲ. ಬೇಸಿಗೆ ಬಿಯರ್ ಅಂಗಡಿಗೆ ಬರುವುದೇ ಬೇಸಿಗೆಗೂ ಸಾಕಷ್ಟು ಮೊದಲು. ಅಂದಮೇಲೆ ಕೊನೆಗೆ ಉಳಿದದ್ದಕ್ಕೆ ಆಗಲೇ ಎಷ್ಟು ತಿಂಗಳಾಗಿರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಕಾರ್ಟನ್ ಕೊಳ್ಳುವ ಮುಂಚೆ ಒಂದೇ ಒಂದು ಕೊಂಡು ಕುಡಿದು ನೋಡುತ್ತೇನೆ. ಇಷ್ಟು ಸಣ್ಣ ಬುದ್ಧಿ ಆ ದಿನ ಎಲ್ಲಿ ಹೋಗಿತ್ತೋ.

ಹೋಲಿಕೆಗೆ ಹನ್ನೊಂದಲ್ಲ, ಮೂರೋ ನಾಲ್ಕೋ. ಎಲ್ಲ ಒಂದೇ ಜಾತಿ, ಸುಮಾರಾಗಿ ಒಂದೇ ವಯಸ್ಸು, ತಲಾ ಎರಡು ಮೂರು ಗುಟುಕು. ನಾಲ್ಕನೆಯದು ದಾಟಿದ ಮೇಲೆ ನಾಲಿಗೆ ಸುಮ್ನೆ ಹೂಂಗುಟ್ಟುತ್ತಿರುತ್ತದೆ ಅಷ್ಟೇ. ಯಾವುದು ಯಾವುದು ಅಂತ ಸುರಿಯುವವರಿಗೆ ಮಾತ್ರ ಗೊತ್ತಿರಬೇಕು. ಎರಡರ ನಡುವೆ ನಿಜಕ್ಕೂ ವ್ಯತ್ಯಾಸ ಇದೆಯಾ ಅಂತ ಅನುಮಾನ ಬಂದರೆ ಮೂರು ಗ್ಲಾಸ್ ಇಡಿಸುತ್ತೇನೆ, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆ ಇರುವುದನ್ನು ಹೆಕ್ಕಿ ತೋರಿಸಬೇಕು. ಸುಮ್ನೆ ಊಹೆ ಮಾಡಿದರೂ ಮೂರರಲ್ಲಿ ಒಂದು ಸಲ ಸರಿಹೋಗುತ್ತದೆ, ಹಾಗಾಗಿ ಒಂದೇ ಸಲಕ್ಕೆ ಬೀಗಬಾರದು. ಗೆಳೆಯ ಮೊದಲ ಸಲ ಹೀಗೆ ಇಟ್ಟಾಗ ನಾನು ಐದಕ್ಕೆ ಎರಡು ಸಲ ಹಿಡಿದೆ. ಅಕ್ಕ ಐದಕ್ಕೆ ಐದು.

ಆ ಅಂಗಡಿಗೆ ಕ್ಯಾನ್ ತೆಗೆದುಕೊಂಡು ಹೋಗಿದ್ದೆ. 'ಒಂದು ವರ್ಷ ಆದ್ಮೇಲೆ ಬಂದು ಕೇಳ್ತೀರಲ್ಲ ಸಾರ್' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರಸೀದಿ ಇಟ್ಟುಕೊಂಡಿದ್ದರೆ, ಕುಡಿದ ರಾತ್ರಿಯೇ ತಳ ನೋಡಿದ್ದರೆ ಮಾತು ಬೇರೆ ಇರುತ್ತಿತ್ತು.

ಕಾರ್ಟನ್ನಿನಲ್ಲಿ ಇನ್ನೂ ಹತ್ತೊಂಬತ್ತು ಕ್ಯಾನ್ ಇವೆ. ಎಸೆಯೋಣ ಅಂದರೆ ಅಕ್ಕ ಬಿಡುತ್ತಿಲ್ಲ. ಮನೆಗೆ ಯಾರಾದರೂ ಬಂದು ಬಿಯರ್ ಮಾತು ತೆಗೆದರೆ ಒಂದನ್ನು ಒಡೆದು ಅವರ ಮೂಗಿನ ಹತ್ತಿರ ಹಿಡಿದು, 'ನೋಡಿ, ಇದು ನಮ್ಮ ತಮ್ಮ ಹುಡುಕಿದ ನಿಧಿ' ಅನ್ನುತ್ತಾಳೆ.