ಜಗಲಿಯಲ್ಲಿ ಕೂತು ನೋಡಿದ ಜರ್ಮನ್ ಕಡತ: ಗ್ರಂಥಾಲಯಕ್ಕೆ 5, ಅನುವಾದದ ಆಪ್‌ಗೆ 2

ಮ್ಯೂನಿಕ್‌ನ ಬವೇರಿಯಾ ರಾಜ್ಯ ಗ್ರಂಥಾಲಯದವರು ಹಳೇ ಜರ್ಮನ್ ಸಂಸತ್ತಿನ ಕಡತಗಳನ್ನು ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕಿದ್ದಾರೆ. ಒಂದು ರೂಪಾಯಿ ಖರ್ಚಿಲ್ಲ. ಬದಿಯಡ್ಕದ ಹತ್ತಿರ ನಮ್ಮ ಮನೆ. ಈ ಮಳೆಗಾಲ ಪೂರ್ತಿ, ಅಡಿಕೆ ಸುಲಿದು ಕೈ ತೊಳೆದ ಮೇಲೆ, ಅದನ್ನೇ ನೋಡುತ್ತಿದ್ದೆ. ಸದಸ್ಯರ ಕೈಪಿಡಿಗಳೂ ಇವೆ, ಫೋಟೋ ಸಮೇತ. ಫೋನಿಗಿಂತ ಲ್ಯಾಪ್‌ಟಾಪ್ ಒಳ್ಳೆಯದು.

ನಾನು ಹುಡುಕಿದ್ದು ವೆರ್ನರ್ ವಿಲ್ಲಿಕೆನ್ಸ್ ಎಂಬವರನ್ನು. ಹುಟ್ಟಿದ್ದು 1893, ಕಸುಬು ಬೇಸಾಯ. 1928ರಲ್ಲಿ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಬರೀ 12 ಸೀಟು. ಗೆದ್ದ ಆ 12 ಮಂದಿಯಲ್ಲಿ, ಹಿಟ್ಲರನ ಆಪ್ತರಾದ ಗೋಬೆಲ್ಸ್, ಗೋರಿಂಗ್ ಜೊತೆ ಇವರೂ ಒಬ್ಬರು. ಆಗ ಅಲ್ಲಿನ ರೈತರಿಗೆ ಬೆಲೆ ಇಲ್ಲ, ಸಾಲ ತೀರುತ್ತಿಲ್ಲ, ಜಮೀನು ಹರಾಜು. ಆ ಸಂಕಟ ನನಗೆ ಅರ್ಥವಾಗುತ್ತದೆ. ಆಮೇಲೆ ನಡೆದದ್ದನ್ನು ಮಾತ್ರ ಒಪ್ಪಲು ಆಗುವುದಿಲ್ಲ. 1933ರಲ್ಲಿ ಅವರು ಜರ್ಮನಿಯ ದೊಡ್ಡ ರಾಜ್ಯವಾಗಿದ್ದ ಪ್ರಷ್ಯದ ಕೃಷಿ ಸಚಿವಾಲಯದ ಕಾರ್ಯದರ್ಶಿಯಾದರು. ಮರುವರ್ಷ ಫೆಬ್ರವರಿಯಲ್ಲಿ, ಮೇಲಿಂದ ಅಪ್ಪಣೆ ಬರಲಿ ಎಂದು ಕಾಯಬೇಡಿ, ನಾಯಕ ಹಿಟ್ಲರನ ಮನಸ್ಸು ತಿಳಿದು ಕೆಲಸ ಮಾಡಿ ಎಂದು ಅಧಿಕಾರಿಗಳಿಗೆ ಹೇಳಿದರು. ಹೊಲ ಉಳುತ್ತಿದ್ದವರ ಬಾಯಲ್ಲಿ ಈ ಮಾತು!

ಇನ್ನು ಈ ಕಡತ ಓದಲು ಬಳಸಿದ ಅನುವಾದದ ಆಪ್ ವಿಷಯ. ಹೆಸರು ಬೇಡ. 'ಬಾವರ್' ಅಂದರೂ ರೈತ, 'ಲಾಂಡ್‌ವಿರ್ಟ್' ಅಂದರೂ ರೈತ ಎಂದೇ ತೋರಿಸುತ್ತದೆ. ಸುಮ್ನೆ ಸಣ್ಣ ತಪ್ಪು ಅಂದುಕೊಂಡಿದ್ದೆ. ಅಲ್ಲ. ನಾಜಿ ಸರ್ಕಾರದ 1933ರ ಸೆಪ್ಟೆಂಬರ್ 29ರ ಕಾನೂನಿನ ಪ್ರಕಾರ ಸುಮಾರು 7.5ರಿಂದ 125 ಹೆಕ್ಟೇರಿನ ವಂಶಪಾರಂಪರ್ಯ ಜಮೀನಿನ ಯಜಮಾನನಿಗೆ ಮಾತ್ರ 'ಬಾವರ್' ಎಂಬ ಹೆಸರು. ಉಳಿದವರೆಲ್ಲ 'ಲಾಂಡ್‌ವಿರ್ಟ್'. ಆ ಜಮೀನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಪಾಲು ಮಾಡುವಂತಿಲ್ಲ. 1800ರಿಂದೀಚೆಗೆ ವಂಶದಲ್ಲಿ ಯಹೂದಿ ರಕ್ತ ಇದ್ದರೆ ಆ ಹೆಸರು ಇಲ್ಲ. ಹೆಣ್ಣುಮಕ್ಕಳ ಸರದಿ ಗಂಡುಮಕ್ಕಳು, ಅಪ್ಪ, ಅಣ್ಣತಮ್ಮಂದಿರು ಎಲ್ಲ ಮುಗಿದ ಮೇಲೆ.

ನಮ್ಮ ಅಪ್ಪ ಪಾಲು ಮಾಡುವಾಗ ಅಣ್ಣನ ಜೊತೆ ನನಗೂ 2 ಎಕರೆ 30 ಸೆಂಟ್ಸ್ ಬರೆದುಕೊಟ್ಟರು. ಕೆರೆ ಬದಿಯ ತೋಟ. ಮದ್ದು ಬಿಡಿಸುವುದು, ಕೊಯ್ಲು, ಎಲ್ಲ ನಾನೇ ನಿಂತು ಮಾಡಿಸುತ್ತೇನೆ. ಹಾಗಾಗಿ ಒಂದೇ ಪದದಲ್ಲಿ ಇದೆಲ್ಲ ಮುಚ್ಚಿಹೋದದ್ದು ನನಗೆ ತುಂಬ ನೋವಾಯಿತು.

ಗ್ರಂಥಾಲಯದ ಸೇವೆ ಖಂಡಿತ ಬಳಸಿ. ಪಕ್ಕದಲ್ಲಿ ಒಂದು ಜರ್ಮನ್ ನಿಘಂಟು ಇರಲಿ. 1928ರ ಕೈಪಿಡಿಯಿಂದ ಶುರು ಮಾಡಿ, ಆಮೇಲೆ 1933ರದ್ದು ತೆಗೆಯಿರಿ. ವಿಲ್ಲಿಕೆನ್ಸ್ 1945ರವರೆಗೂ ಸದಸ್ಯರಾಗಿಯೇ ಇದ್ದರು.