ದಸರಾ ರಜೆಯ ನೇಪಾಳ ಸುವಾರ್ತಾ ಪ್ರವಾಸ: ಹಣ ಕಟ್ಟುವ ಮುನ್ನ ನಮ್ಮ ಸಭೆಗಳು ತಿಳಿದಿರಬೇಕಾದದ್ದು

ಬಳ್ಳಾರಿ, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಸಭೆಗಳಲ್ಲಿ, ದಸರಾ ರಜೆಯಲ್ಲಿ ಯೌವನಸ್ಥರನ್ನು ನೇಪಾಳಕ್ಕೆ ಸುವಾರ್ತಾ ಸೇವೆಗೆ ಕರೆದೊಯ್ಯುತ್ತೇವೆಂದು ಹೇಳಿ ಹಣ ಕಟ್ಟಿಸಿಕೊಳ್ಳುವ ಕೆಲಸ ಈ ವರ್ಷವೂ ಆರಂಭವಾಗಿದೆ. ಕಳೆದ ವರ್ಷ ಇಂಥದೇ ಒಂದು ತಂಡದೊಂದಿಗೆ ನಾನು ಹೋಗಿದ್ದೆ. ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದ ತಂದೆತಾಯಿಗಳು, ಸಭೆಯ ಹಿರಿಯರೊಬ್ಬರು ಜೊತೆಗಿದ್ದರೆ ಧೈರ್ಯ ಎಂದು ಕೇಳಿಕೊಂಡಿದ್ದರು. ನನಗೆ ಹಿಂದಿ ಬರುತ್ತದೆ ಎಂಬುದೂ ಒಂದು ಕಾರಣವಾಗಿತ್ತು. ಅಲ್ಲಿ ಕಂಡದ್ದನ್ನು ಬೇರೆ ಸಭೆಗಳ ಹಿರಿಯರೂ ಪೋಷಕರೂ ಹಣ ಕೊಡುವ ಮೊದಲೇ ತಿಳಿದುಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ಆ ಸಂಸ್ಥೆ ನಮ್ಮ ಜಿಲ್ಲೆಯದಲ್ಲ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ತಲಾ 22,000 ರೂಪಾಯಿ ಕಟ್ಟಿಸಿಕೊಂಡರು. ಸಿರುಗುಪ್ಪ, ಕಂಪ್ಲಿ ಕಡೆಯ ಕುಟುಂಬಗಳಿಗೆ ಇದು ಸಣ್ಣ ಮೊತ್ತವಲ್ಲ. ಒಬ್ಬ ತಾಯಿ ಮಗಳಿಗಾಗಿ ಮಹಿಳಾ ಸಂಘದಲ್ಲಿ ಸಾಲ ತೆಗೆದಿದ್ದರು. ರಸೀದಿ ಕೇಳಿದವರಿಗೆ ಕರ್ತನ ಸೇವೆಯಲ್ಲಿ ಲೆಕ್ಕ ಹಿಡಿಯಬಾರದು ಎಂಬ ಉತ್ತರ ಬಂತು. ಪ್ರವಾಸದ ಉದ್ದೇಶವೇನೆಂದು ವಿಚಾರಿಸಿದಾಗಲೂ ಒಬ್ಬೊಬ್ಬರಿಗೆ ಒಂದೊಂದು ಮಾತು ಹೇಳಿದ್ದರು: ಒಬ್ಬರಿಗೆ ಶಾಲೆಯೊಂದಕ್ಕೆ ಬಣ್ಣ ಬಳಿಯುವುದು, ಇನ್ನೊಬ್ಬರಿಗೆ ವೈದ್ಯಕೀಯ ಶಿಬಿರ, ಮತ್ತೊಬ್ಬರಿಗೆ ನಾಯಕತ್ವದ ತರಬೇತಿ. ಕರಪತ್ರ ಹಂಚುವ ವಿಷಯವನ್ನು ಬಳ್ಳಾರಿಯಲ್ಲಿ ಯಾರೂ ಎತ್ತಲಿಲ್ಲ.

ಕಾನೂನಿನ ವಿಷಯವನ್ನೂ ಎತ್ತಲಿಲ್ಲ. ನೇಪಾಳದ 2015ರ ಸಂವಿಧಾನದ 26ನೆಯ ವಿಧಿಯು ತಮ್ಮ ತಮ್ಮ ಧರ್ಮವನ್ನು ಅನುಸರಿಸುವ ಸ್ವಾತಂತ್ರ್ಯವನ್ನು ಕೊಟ್ಟಿದ್ದರೂ, ಬೇರೊಬ್ಬರನ್ನು ಮತಾಂತರಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಅಲ್ಲಿನ ದಂಡ ಸಂಹಿತೆಯ 158ನೆಯ ಕಲಮಿನ ಪ್ರಕಾರ ಮತಾಂತರಕ್ಕೆ ಪ್ರಯತ್ನಿಸುವುದೂ ಅಪರಾಧವಾಗಿದ್ದು, ಅದಕ್ಕೆ 5 ವರ್ಷಗಳವರೆಗೆ ಸೆರೆವಾಸ ಮತ್ತು 50,000 ನೇಪಾಳಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಅಪರಾಧಿ ವಿದೇಶಿಯಾಗಿದ್ದರೆ ಶಿಕ್ಷೆ ಮುಗಿದ 7 ದಿನಗಳೊಳಗೆ ಗಡೀಪಾರು ಮಾಡಬೇಕು. ಇದು ಕಾಗದದ ಮೇಲಷ್ಟೇ ಇರುವ ಕಾನೂನಲ್ಲ. 2021ರಲ್ಲಿ ಡೋಲ್ಪಾ ಜಿಲ್ಲಾ ನ್ಯಾಯಾಲಯವು ನೇಪಾಳಿ ಪಾಸ್ಟರರೊಬ್ಬರಿಗೆ 2 ವರ್ಷ ಸೆರೆವಾಸ ವಿಧಿಸಿತು, ಮೇಲ್ಮನವಿಯ ನಂತರ ಅದು ಕಡಿಮೆಯಾಯಿತು. ನಮ್ಮ ಸಂಘಟಕರು ಮಾತ್ರ ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ ಎಂಬ ಒಂದು ಮಾತನ್ನೇ ಮತ್ತೆ ಮತ್ತೆ ಹೇಳಿದರು. ವೀಸಾ ಬೇಡವೆಂದ ಮಾತ್ರಕ್ಕೆ ಅಲ್ಲಿನ ಕಾನೂನು ನಮಗೆ ಅನ್ವಯಿಸುವುದಿಲ್ಲ ಎಂದು ತಿಳಿದು ಹೊರಟಿದ್ದ ಮಕ್ಕಳು ಆ ತಂಡದಲ್ಲಿದ್ದರು.

ಗುಂತಕಲ್ಲಿನಿಂದ ರೈಲು ಹಿಡಿದು, ಗೋರಖ್‌ಪುರದಲ್ಲಿ ಇಳಿದು, ಸುನೌಲಿಯ ಗಡಿ ದಾಟಿ ನೇಪಾಳದ ಬಯಲು ಪ್ರದೇಶವಾದ ತರಾಯಿಯ ಒಂದು ಊರು ಸೇರಿದೆವು. ನಮಗೆ ದಸರಾ ರಜೆಯೆಂದು ಆರಿಸಿದ್ದ ಆ ದಿನಗಳು ನೇಪಾಳದಲ್ಲಿ ದಶೈಂ ಹಬ್ಬದ ದಿನಗಳು. ನಮ್ಮ ಕಡೆ ಬನ್ನಿ ಕೊಟ್ಟು ಹಿರಿಯರ ಕಾಲಿಗೆ ನಮಸ್ಕರಿಸುವಂತೆ ಅಲ್ಲಿ ಹಿರಿಯರ ಕೈಯಿಂದ ಹಣೆಗೆ ಟೀಕಾ ಇಡಿಸಿಕೊಂಡು ಜಮರಾ ಎಂಬ ಜವೆಯ ಮೊಳಕೆಯನ್ನು ಮುಡಿಯುತ್ತಾರೆ. ದೂರದ ಊರುಗಳಲ್ಲಿ ದುಡಿಯುವವರೆಲ್ಲ ಮನೆಗೆ ಮರಳುವ ಕಾಲ ಅದು. ಆ ಜನ ಕಿಕ್ಕಿರಿದಿದ್ದ ಬಸ್ ನಿಲ್ದಾಣದಲ್ಲಿ ನಮ್ಮ ಮಕ್ಕಳ ಕೈಗೆ ನೇಪಾಳಿ ಭಾಷೆಯ ಕರಪತ್ರಗಳ ಕಟ್ಟುಗಳನ್ನು ಕೊಟ್ಟು ಹಂಚಲು ಹೇಳಿದರು. ಅದರಲ್ಲಿ ಏನು ಬರೆದಿದೆ ಎಂದು ಹಂಚುವವರಿಗೆ ತಿಳಿದಿರಲಿಲ್ಲ. ನಾನು ತಡೆದಾಗ, ವಿಶ್ವಾಸವಿಲ್ಲದವರು ಬರಬಾರದಿತ್ತು ಎಂದು ಎಲ್ಲರೆದುರಿಗೆ ಹೇಳಿದರು.

ನಮ್ಮನ್ನು ಉಳಿಸಿಕೊಂಡಿದ್ದ ಸ್ಥಳೀಯ ಪಾಸ್ಟರರಿಗೆ, ಭಾರತದಿಂದ ವಿಶ್ವಾಸಿಗಳು ಜೊತೆಗೂಡಿ ಪ್ರಾರ್ಥಿಸಲು ಬರುತ್ತಾರೆ ಎಂದಷ್ಟೇ ತಿಳಿಸಲಾಗಿತ್ತು. ಆ ಸಂಜೆ ಅವರ ಹೆಂಡತಿ ಒಂದೂ ಮಾತಾಡದೆ ಹೊಸ್ತಿಲಾಚೆ ಬಿಟ್ಟಿದ್ದ ನಮ್ಮ ಚಪ್ಪಲಿಗಳನ್ನೆಲ್ಲ ಒಳಗೆ ತಂದು ಗೋಡೆಗುಂಟ ಜೋಡಿಸಿದರು. ಮನೆಯಲ್ಲಿ ಎಷ್ಟು ಜನರಿದ್ದಾರೆಂದು ಬೀದಿಗೆ ಕಾಣಬಾರದೆಂದು. ಪಾಸ್ಟರರು ಪ್ರತಿಯೊಬ್ಬರ ಚೀಲದಿಂದ ಉಳಿದ ಕರಪತ್ರಗಳನ್ನು ಕೇಳಿ ಪಡೆದು ಅಡುಗೆಯ ಒಲೆಗೆ ಹಾಕಿದರು. ನಂತರ ನನ್ನನ್ನು ಪಕ್ಕಕ್ಕೆ ಕರೆದು, "ದಾಜು (ಅಣ್ಣಾ), ನೀವು ನಾಡಿದ್ದು ರೈಲು ಹತ್ತುತ್ತೀರಿ. ಈ ಕಾಗದ ಯಾರ ಮನೆಯಿಂದ ಬಂತೆಂದು ಕೇಳಿದರೆ ಉತ್ತರ ಹೇಳಬೇಕಾದವನು ನಾನು" ಎಂದರು.

ಇಷ್ಟಾದ ಮೇಲೂ ಶನಿವಾರದ ಆರಾಧನೆಯಲ್ಲಿ ನಡೆದದ್ದು ನನ್ನನ್ನು ಹೆಚ್ಚು ನೋಯಿಸಿತು. ನೇಪಾಳದಲ್ಲಿ ವಾರದ ರಜೆ ಶನಿವಾರವಾದ್ದರಿಂದ ಸಭೆಗಳು ಅಂದೇ ಕೂಡುತ್ತವೆ. ನಮ್ಮ ಸಂಘಟಕರು ಹಿಂದಿಯಲ್ಲಿ, ಯಾರ ಮನೆಯಲ್ಲಿ ಕಾಯಿಲೆಯವರಿದ್ದಾರೋ, ಯಾರ ಮಕ್ಕಳು ಕೊಲ್ಲಿ ದೇಶಗಳಲ್ಲಿ ಕೆಲಸಕ್ಕಿದ್ದಾರೋ ಅವರಿಗಾಗಿ ಪ್ರಾರ್ಥಿಸೋಣ, ಕೈಯೆತ್ತಿರಿ ಎಂದರು. ಬಹುತೇಕ ಎಲ್ಲರೂ ಕೈಯೆತ್ತಿದರು. ಅವರಲ್ಲಿ ವರ್ಷಗಳ ಹಿಂದೆಯೇ ದೀಕ್ಷಾಸ್ನಾನ ಪಡೆದ ಮುದುಕಿಯರಿದ್ದರು, ಸಭೆಯಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದರು. ಸಂಸ್ಥೆಯ ಬ್ಯಾನರನ್ನು ಹಿಡಿದು, ಎತ್ತಿದ ಕೈಗಳ ಚಿತ್ರ ತೆಗೆದರು. ನಾವು ಬಳ್ಳಾರಿಗೆ ಮರಳುವಷ್ಟರಲ್ಲಿ ಅದೇ ಚಿತ್ರವು, ದಶೈಂ ದಿನಗಳಲ್ಲಿ ರಕ್ಷಣೆ ಹೊಂದಿದ ಹೊಸ ಆತ್ಮಗಳು ಎಂಬ ಬರಹದೊಂದಿಗೆ, ಕಾಣಿಕೆ ಕಳಿಸಬೇಕಾದ ಬ್ಯಾಂಕ್ ಖಾತೆಯ ಸಂಖ್ಯೆಯ ಸಮೇತ ಫೇಸ್‌ಬುಕ್‌ನಲ್ಲಿ ಇತ್ತು. ಮುಖಗಳು ಸ್ಪಷ್ಟವಾಗಿದ್ದವು. ಬಾಗಿಲ ಮೇಲಿನ ಸಭೆಯ ಹೆಸರೂ ಓದುವಂತಿತ್ತು. ಪ್ರವಾಸದ ಉದ್ದೇಶ ಆ ಒಂದು ಚಿತ್ರವೇ ಆಗಿತ್ತೆಂದು ನಾನು ದೃಢವಾಗಿ ನಂಬಿದ್ದೇನೆ.

ಕೆಲವು ವಾರಗಳ ನಂತರ ಆ ಪಾಸ್ಟರರನ್ನು ಪೊಲೀಸರು ಕರೆಸಿ, ಚಿತ್ರವನ್ನು ಮುಂದಿಟ್ಟು ವಿಚಾರಿಸಿದರು. ಮೊಕದ್ದಮೆ ಆಗಲಿಲ್ಲ. ಆದರೆ ಮನೆಯ ಮಾಲೀಕರು ಆರಾಧನೆಗೆ ಕೊಟ್ಟಿದ್ದ ಕೋಣೆಯನ್ನು ಬಿಡಿಸಿಕೊಂಡರು. ಈ ಸುದ್ದಿಯನ್ನು ಸಂಸ್ಥೆಗೆ ತಿಳಿಸಿದಾಗ, ಹಿಂಸೆ ಬಂದಲ್ಲಿ ಸಭೆ ಬೆಳೆಯುತ್ತದೆ ಎಂದರು. ಹಿಂಸೆಯನ್ನು ತಾವು ತಂದಿಟ್ಟು ಅನುಭವಿಸುವುದನ್ನು ಇನ್ನೊಬ್ಬರಿಗೆ ಬಿಡುವವರ ಬಾಯಲ್ಲಿ ಆ ಮಾತು ಬರಬಾರದು.

ಸುವಾರ್ತಾ ಸೇವೆಯನ್ನೇ ನಾನು ವಿರೋಧಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಇಲ್ಲಿಯೇ ನೆಲೆಸಿ, ಕನ್ನಡ ಕಲಿತು, ಸತ್ಯವೇದದ ಅನುವಾದಕ್ಕೆ ಸುಮಾರು ಎರಡು ದಶಕ ದುಡಿದರು. ಅದೇ ನೇಪಾಳದಲ್ಲಿ 1954ರಲ್ಲಿ ಆರಂಭವಾದ ಯುನೈಟೆಡ್ ಮಿಷನ್ ಟು ನೇಪಾಳ್, ಮತಪ್ರಚಾರ ಮಾಡುವುದಿಲ್ಲವೆಂಬ ಷರತ್ತಿಗೆ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ತಾನ್ಸೇನ್‌ನಲ್ಲಿ ಆಸ್ಪತ್ರೆ ಕಟ್ಟಿತು. ಇವರಿಗೆ ತಾವು ಯಾಕೆ ಬಂದಿದ್ದೇವೆಂದು ಗೊತ್ತಿತ್ತು, ಕರೆಸಿಕೊಂಡವರಿಗೂ ಗೊತ್ತಿತ್ತು. ಕೆಲವೇ ದಿನಗಳಿಗೆ ಹೋಗಿ ಬರುವ ತಂಡಗಳ ಖರ್ಚಿನ ವಿಷಯದಲ್ಲಂತೂ, 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ನಡೆದ ಅಧ್ಯಯನವೊಂದನ್ನು ನೋಡಬೇಕು: ಉತ್ತರ ಅಮೆರಿಕದಿಂದ ಬಂದ ತಂಡಗಳು ಕಟ್ಟಿದ ಒಂದು ಮನೆಗೆ ಪ್ರಯಾಣದ ವೆಚ್ಚವೂ ಸೇರಿ ಸುಮಾರು 30,000 ಡಾಲರ್ ತಗುಲಿದರೆ, ಅಂಥ ಮನೆಯನ್ನು ಸ್ಥಳೀಯ ಕ್ರೈಸ್ತ ಸಂಸ್ಥೆಗಳು ಸುಮಾರು 2,000 ಡಾಲರ್‌ನಲ್ಲಿ ಕಟ್ಟುತ್ತಿದ್ದವು.

ಆದ್ದರಿಂದ, ಇಂಥ ಪ್ರವಾಸದ ಕರೆ ನಿಮ್ಮ ಸಭೆಗೆ ಬಂದರೆ, ಅಲ್ಲಿಯ ಸಭೆ ಬರೆದ ಆಹ್ವಾನ ಪತ್ರವನ್ನು ತೋರಿಸಲು ಕೇಳಿ, ಆ ಸಭೆಯ ಪಾಸ್ಟರರೊಂದಿಗೆ ಸಂಘಟಕರ ಮಧ್ಯಸ್ಥಿಕೆಯಿಲ್ಲದೆ ನೀವೇ ಫೋನಿನಲ್ಲಿ ಮಾತನಾಡಿ, ಪ್ರತಿದಿನದ ಕೆಲಸವೇನೆಂದು ಬರಹದಲ್ಲಿ ಪಡೆಯಿರಿ. ಚಿತ್ರ ತೆಗೆಯುವುದು ಯಾರು, ಅದನ್ನು ಎಲ್ಲಿ ಹಾಕುತ್ತಾರೆ ಎಂದು ಮುಂಚಿತವಾಗಿ ಕೇಳಿರಿ. ಈ ಪ್ರಶ್ನೆಗೆ ಕೋಪಗೊಳ್ಳುವವರೊಂದಿಗೆ ಮಕ್ಕಳನ್ನು ಕಳಿಸಲೇಬೇಡಿ. ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಗಡಿಯಲ್ಲಿ ತೋರಿಸಲು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲಿ; ನಮ್ಮ ತಂಡದ ಕೆಲವರನ್ನು ಬರೀ ಆಧಾರ್ ಕಾರ್ಡಿನ ಮೇಲೆ ಕರೆದೊಯ್ದಿದ್ದರು.

ನಮ್ಮ ಒತ್ತಾಯದ ಮೇಲೆ ಆ ಚಿತ್ರವನ್ನು ತೆಗೆದುಹಾಕಿದ್ದಾರೆ. ಹಣದ ಲೆಕ್ಕ ಕೇಳಿ ಹದಿನಾರು ಪೋಷಕರು ಸಹಿ ಮಾಡಿ ಕೊಟ್ಟ ಪತ್ರಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ. ಅದರ ಪ್ರತಿಯನ್ನು ನೋಡಬಯಸುವ ಸಭೆಗಳ ಹಿರಿಯರಿಗೆ ನಮ್ಮ ಸಭೆಯ ಕಾರ್ಯದರ್ಶಿಗಳು ತೋರಿಸುತ್ತಾರೆ.