ಮೀಟರ್ ಹಿಡಿದು ಬರುವ ಮಾವಿನ ವ್ಯಾಪಾರಿಗಳ ಬಗ್ಗೆ ಜಾಗ್ರತೆ

ಅಂಕೋಲಾ, ಕಾರವಾರ ಕಡೆ ಮಾವಿನ ಮರ ಇರುವವರು ದಯವಿಟ್ಟು ಓದಿ. ರಿಫ್ರಾಕ್ಟೋಮೀಟರ್ (ರಸದ ಸಿಹಿ ಅಳೆಯುವ ಮೀಟರ್) ತೋರಿಸಿ "ಕಾಯಿ ಬಲಿತಿದೆ, ಇವತ್ತೇ ಕೊಯ್ಯೋಣ" ಅನ್ನುವವರಿಗೆ ಸುಮ್ನೆ ಮರ ಬಿಟ್ಟುಕೊಡಬೇಡಿ. ನಮ್ಮ ಕರಿ ಇಶಾಡ ಮಾವಿನ ಫಸಲು ಈ ಸಲ ಹೀಗೇ ಹಾಳಾಯಿತು.

ಬಂದ ವ್ಯಾಪಾರಿ ಮೊದಲು ಬುಡದಲ್ಲಿ ಬಿದ್ದಿದ್ದ ಹಣ್ಣಿನ ರಸವನ್ನು ಮೀಟರಿನ ಗಾಜಿನ ಮೇಲೆ ಹಿಂಡಿ, ಬೆಳಕಿಗೆ ಹಿಡಿದು ಅಪ್ಪನಿಗೆ ತೋರಿಸಿದರು. ಆಮೇಲೆ ಗಾಜನ್ನು ಅಂಗಿಯ ತುದಿಯಲ್ಲಿ ಸವರಿ, ಹಸಿರು ಕಾಯಿಯ ರಸ ಹಾಕಿದರು. ಮೀಟರ್ 14 ಬ್ರಿಕ್ಸ್ ತೋರಿಸಿತು, ಬ್ರಿಕ್ಸ್ ಅಂದರೆ ರಸದ ಸಿಹಿಯ ಅಳತೆ. ಹಿಂದಿನ ಹಣ್ಣಿನ ಸಿಹಿ ಗಾಜಿಗೆ ಅಂಟಿಕೊಂಡೇ ಇತ್ತಲ್ವಾ! ಪ್ರತಿ ಸಲ ತೊಳೆದು ಒರೆಸಬೇಕು, ಶುದ್ಧ ನೀರು ಹಾಕಿದರೆ ಸೊನ್ನೆ ಬರಬೇಕು. ಬಲಿತ ಹಸಿರು ಕಾಯಿಯಲ್ಲೂ ಸಾಮಾನ್ಯವಾಗಿ 7ರಿಂದ 10 ಬ್ರಿಕ್ಸ್ ಅಷ್ಟೇ ಇರುತ್ತದೆ. ಆಗ ಒಳಗಿರುವುದು ಹೆಚ್ಚಾಗಿ ಪಿಷ್ಟ. ಅದು ಸಕ್ಕರೆಯಾಗುವುದು ಹಣ್ಣಾಗುವಾಗ. ಹಾಗಾಗಿ ಕೊಯ್ಲಿಗೆ ಬ್ರಿಕ್ಸ್ ಒಂದನ್ನೇ ನಂಬುವ ಹಾಗಿಲ್ಲ.

ಮರ ಒಂದೇ ಸಲಕ್ಕೆ ಹೂ ಬಿಡುವುದೂ ಇಲ್ಲ. ಒಂದು ಕೊಂಬೆಯ ಕಾಯಿ ಬಲಿತಿದ್ದರೆ ಪಕ್ಕದ್ದು ಇನ್ನೂ ಎಳಸು. ಅವರ ಆಳುಗಳು ಎಲ್ಲವನ್ನೂ ಕೊಯ್ದರು. ಸೀಸನ್ ಶುರುವಿನ ರೇಟಿನ ಆಸೆ ಅದು.

ಹಣ್ಣಾಗಲು ಅಡೆ ಹಾಕಿದ ಮೇಲೆ ಎಳಸು ಕಾಯಿಗಳ ಸಿಪ್ಪೆ ಸುಕ್ಕಾಯಿತು. ಗೊರಟಿನ ಹತ್ತಿರ ಬಿಳಿ, ಬಾಯಿಗಿಟ್ಟರೆ ಹುಳಿ. "ಹಣ್ಣಾದ ಮೇಲೆ ಲೆಕ್ಕ" ಎಂದಿದ್ದ ವ್ಯಾಪಾರಿ ಆ ನೆಪದಲ್ಲಿ ಅರ್ಧಕ್ಕರ್ಧ ದುಡ್ಡು ಮುರಿದುಕೊಂಡರು. ಕೊಯ್ಯಲು ಹೇಳಿದ್ದು ಅವರೇ, ನಷ್ಟ ಮಾತ್ರ ನಮ್ಮದು! 2023ರಲ್ಲಿ ಜಿಐ ಮಾನ್ಯತೆ (ಊರಿನ ವಿಶೇಷ ಬೆಳೆಗೆ ಸಿಗುವ ಭೌಗೋಳಿಕ ಗುರುತು) ಪಡೆದ ಹಣ್ಣು ಇದು. ಪೇಟೆಯಲ್ಲಿ ಇದನ್ನು ತಿಂದವರು ಇಶಾಡೇ ಹುಳಿ ಅಂದುಕೊಳ್ಳುತ್ತಾರೆ, ಅದು ಇನ್ನೂ ನೋವು.

ಮರದ ನಾಲ್ಕೂ ಕಡೆಯಿಂದ ಕೆಲವು ಕಾಯಿ ಕೊಯ್ದು ಬಕೆಟ್ ನೀರಿಗೆ ಹಾಕಿ. ಬಲಿತದ್ದು ಮುಳುಗುತ್ತದೆ, ತೇಲುವುದು ಸಾಮಾನ್ಯವಾಗಿ ಎಳಸು. ತೊಟ್ಟಿನ ಸುತ್ತ ಹೆಗಲು ಉಬ್ಬಿದೆಯಾ, ಹೆಚ್ಚಿದರೆ ತಿರುಳು ಹಳದಿಗೆ ತಿರುಗಿದೆಯಾ ನೋಡಿ. ಬಲಿತದ್ದನ್ನಷ್ಟೇ, ಎರಡು ಮೂರು ಸರದಿಯಲ್ಲಿ ಕೊಯ್ಯಿಸಿ. ಹಣ್ಣಾಗದಿದ್ದರೆ ಕಾರ್ಬೈಡ್ ಹಾಕೋಣ ಅಂದರೆ ಒಪ್ಪಲೇಬೇಡಿ, ಅದು ಕಾನೂನಿನಲ್ಲಿ ನಿಷೇಧ, ತಿನ್ನುವವರ ಆರೋಗ್ಯಕ್ಕೂ ಕೆಟ್ಟದ್ದು. ರೇಟು ಮರದ ಬುಡದಲ್ಲೇ ಕಾಗದದ ಮೇಲೆ ಬರೆಸಿಕೊಳ್ಳಿ, ಮುಂಗಡ ಕೈಗೆ ಬಂದ ಮೇಲೆಯೇ ಕೊಕ್ಕೆ ಎತ್ತಲು ಬಿಡಿ.